ಒಂದನೇ ಕೃಷ್ಣ, ಎರಡನೇ ಕೃಷ್ಣ

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದರೆ ಕೃಷ್ಣ ಒಬ್ಬನೇ ಇರುವುದು ಅಪರೂಪ. ಪಾಂಪ್ಲೆಟ್ಟಿನಲ್ಲೇ ಫೋಟೊ ಸಮೇತ ‘ಒಂದನೇ ಕೃಷ್ಣ’, ‘ಎರಡನೇ ಕೃಷ್ಣ’ ಎಂದು ಅಚ್ಚಾಗಿರುತ್ತದೆ. ಪಾತ್ರ ಮಾಡುವವರೇ ಕೈಯಿಂದ ದುಡ್ಡು ಹಾಕಿ ಆಡುವ ನಾಟಕ ಇದು. ಸೀನರಿ, ಡ್ರೆಸ್ಸು, ಶಾಮಿಯಾನ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಅದರಲ್ಲೇ ಏಳಬೇಕು. ಕೃಷ್ಣ ಆಗಲೇಬೇಕು ಎನ್ನುವವರು ಇಬ್ಬರಿದ್ದರೆ ಯಾರನ್ನೂ ಬೇಜಾರು ಮಾಡದೆ ಕೃಷ್ಣನನ್ನೇ ಎರಡು ಪಾಲು ಮಾಡುತ್ತಾರೆ. ಸರಿರಾತ್ರಿಯ ಹೊತ್ತಿಗೆ ಸಣಕಲು ಕೃಷ್ಣ ಪರದೆಯ ಹಿಂದೆ ಹೋಗಿ, ಹೊಟ್ಟೆ ಬಂದ ಕೃಷ್ಣ ಕೊಳಲು ಹಿಡಿದು ಬರುತ್ತಾನೆ. ನೋಡುವವರಿಗೆ ಎರಡು ನಿಮಿಷ ಗಲಿಬಿಲಿ. ಆಮೇಲೆ ಅವನೇ ಕೃಷ್ಣ. ಯಾರು ಚೆನ್ನಾಗಿ ಮಾಡಿದರು ಎಂಬ ಜಗಳ ಮಾತ್ರ ಮುಂದಿನ ಜಾತ್ರೆವರೆಗೂ ನಡೆಯುತ್ತದೆ.

ನನ್ನ ಚಿಕ್ಕಪ್ಪ ಈ ನಾಟಕದ ದುರ್ಯೋಧನ. ಗುಬ್ಬಿ ತಾಲ್ಲೂಕಿನ ನಮ್ಮ ಮೂಲದ ಊರಿನಲ್ಲಿ ತೆಂಗು, ಅಡಿಕೆ ನೋಡಿಕೊಂಡಿದ್ದವರು ದಾಯಾದಿಗಳ ಮೇಲೆ ಹಾಕಿದ್ದ ಜಮೀನಿನ ಕೇಸಿಗೆಂದು ತುಮಕೂರಿನ ಕೋರ್ಟಿಗೆ ಬರುತ್ತಿದ್ದರು. (ದುರ್ಯೋಧನನಿಗೆ ದಾಯಾದಿ ಕೇಸು ಇರದೆ ಇನ್ನೇನಿರುತ್ತದೆ.) ಬಂದಾಗ ಉಳಿಯುತ್ತಿದ್ದುದು ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ. ಬೆಳಿಗ್ಗೆ ಎದ್ದವರೇ ಹೈವೇ ದಾಟಿ ತಟ್ಟೆ ಇಡ್ಲಿ ತಿಂದು, ಸಿದ್ಧಗಂಗೆಗೆ ಹೋಗಿ ಕೈಮುಗಿದು, ವಕೀಲರು ಸಿಗುವವರೆಗೆ ನಮ್ಮ ಮನೆಯ ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಪ್ಪ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಿಂದ ಸ್ವಯಂನಿವೃತ್ತಿ ತಗೊಂಡಾಗ ಬಂದ ದುಡ್ಡಿನಲ್ಲಿ ಕೊಂಡ ಕಂಪ್ಯೂಟರ್ ಅದು. ನನ್ನ ಓದಿಗೆಂದು ಬಂದದ್ದು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಎಂಜಿನಿಯರಿಂಗ್ ಹುಡುಗನೊಬ್ಬ ಕೊಟ್ಟ ಐದು ಸಿಡಿಗಳಿಂದಾಗಿ ಓದು ಬೇರೆ ದಾರಿ ಹಿಡಿಯಿತು.

ಆ ಐದು ಸಿಡಿಗಳಲ್ಲಿ ಇದ್ದದ್ದು ‘ಬಾಲ್ಡರ್ಸ್ ಗೇಟ್’. ಕೆನಡಾದ ಎಡ್ಮಂಟನ್ ಊರಿನಲ್ಲಿ 1995ರಲ್ಲಿ ಕೆಲವು ಡಾಕ್ಟರುಗಳು ಕೂಡಿ ಕಟ್ಟಿದ ಬಯೋವೇರ್ ಕಂಪನಿ 1998ರ ಕೊನೆಯಲ್ಲಿ ಬಿಟ್ಟ ಆಟ. ಅದರ ಬೇರು ಇನ್ನೂ ಹಳೆಯದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಅಂತ ಒಂದು ಆಟ ತಂದರು. ನಾಲ್ಕಾರು ಜನ ಮೇಜಿನ ಸುತ್ತ ಕೂತು, ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಅಂತ ಪಾತ್ರ ಹಂಚಿಕೊಂಡು, ದಾಳ ಉರುಳಿಸಿ ಕಥೆ ನಡೆಸುವ ಆಟ. ಕತ್ತಿ ಬೀಸಿದರೆ ತಗಲಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ. ಬಾಲ್ಡರ್ಸ್ ಗೇಟ್ ಆ ದಾಳವನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಬಚ್ಚಿಟ್ಟಿತು.

ಪೂರ್ತಿ ಬಚ್ಚಿಟ್ಟಿಲ್ಲ. ಆಟ ಶುರುವಾಗುವ ಮೊದಲು ನಮ್ಮ ಪಾತ್ರವನ್ನು ನಾವೇ ಕಟ್ಟಬೇಕು. ಬಲ, ಚುರುಕು, ಮೈಕಟ್ಟು, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣ. ಒಂದು ಗುಂಡಿ ಒತ್ತಿದರೆ ಒಳಗೆ ದಾಳ ಉರುಳಿ ಆರಕ್ಕೂ ಅಂಕ ಬೀಳುತ್ತದೆ. ಹಿಡಿಸದಿದ್ದರೆ ಮತ್ತೆ ಒತ್ತಬಹುದು, ಎಷ್ಟು ಸಲ ಬೇಕಾದರೂ. ಚಿಕ್ಕಪ್ಪನಿಗೆ ಆಟಕ್ಕಿಂತ ಈ ಗುಂಡಿಯ ಮೇಲೇ ಪ್ರೀತಿ. “ಇನ್ನೊಂದ್ ಸಲ ಒತ್ಲಾ ಮಗ” ಅನ್ನುವರು. ಹದಿನೆಂಟು ಬಂದರೆ, “ಇದು ಶಕುನಿ ದಾಳ ಕಣೋ, ಬಿಡಬ್ಯಾಡ” ಎಂದು ತೊಡೆ ತಟ್ಟುವರು. ವಕೀಲರ ಫೋನು ಬರುವ ಹೊತ್ತಿಗೂ ನಮ್ಮ ವೀರ ಇನ್ನೂ ಹುಟ್ಟಿರುತ್ತಿರಲಿಲ್ಲ.

ಹುಟ್ಟಿದ ಮೇಲೂ ಅವನ ಪಾಡು ಹೇಳತೀರದು. ನಾನು ಆರಿಸಿಕೊಂಡದ್ದು ಹಾಡುಗಾರನ ಪಾತ್ರ. ಕತ್ತಿಯೂ ಅಷ್ಟಕ್ಕಷ್ಟೆ, ಮಂತ್ರವೂ ಅಷ್ಟಕ್ಕಷ್ಟೆ. ಕ್ಯಾಂಡಲ್‌ಕೀಪ್ ಎಂಬ ಪುಸ್ತಕಗಳ ಕೋಟೆಯಲ್ಲಿ ಬೆಳೆದ ಅನಾಥ. ಸಾಕಿದ ತಂದೆ ಗೊರಿಯನ್ ಒಂದು ರಾತ್ರಿ ಅವನನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಕಬ್ಬಿಣದ ಕವಚ ತೊಟ್ಟವನೊಬ್ಬ ಅಡ್ಡಗಟ್ಟಿ ಗೊರಿಯನ್‌ನನ್ನು ಕೊಲ್ಲುತ್ತಾನೆ. ಬೆಳಗಾದರೆ ನಾವು, ಜೊತೆಗೆ ಓಡಿಬಂದ ಬಾಲ್ಯದ ಗೆಳತಿ ಇಮೊಯೆನ್, ಇಷ್ಟೇ. ಏಳೆಂಟು ಅಂಕದಷ್ಟು ಜೀವ. ಕಾಡಿನಲ್ಲಿ ಒಂದು ತೋಳ ಎದುರಾದರೆ ಕಥೆ ಮುಗಿಯಿತು. ಬದುಕಿ ಉಳಿದು ಮೊದಲ ಛತ್ರ ಮುಟ್ಟಿದರೆ, ಮೆಟ್ಟಿಲ ಮೇಲೆ ನಗುನಗುತ್ತಾ ಮಾತಾಡಿಸುವ ಮಂತ್ರವಾದಿ ನಿಮ್ಮ ತಲೆಗೆ ಬೆಲೆ ಕಟ್ಟಿಸಿಕೊಂಡು ಬಂದವನು. ಜಗತ್ತಿಗೆ ನೀವು ಯಾರೂ ಅಲ್ಲ. ನ್ಯಾಷ್ಕೆಲ್ ಎಂಬ ಊರಿನಲ್ಲಿ ನೂಬರ್ ಎಂಬ ಕೊರೆಯುವವನೊಬ್ಬ ಗಂಟು ಬೀಳುತ್ತಾನಲ್ಲ, ನಿಮ್ಮನ್ನು ಗಣ್ಯರೆಂದು ತಿಳಿದು ಪ್ರಶ್ನೆ ಕೇಳುವ ಮೊದಲ ಮನುಷ್ಯ ಅವನೇ ಇರಬೇಕು.

ಈ ಒಂದನೇ ಆಟದ ಕಥೆ ನಿಂತಿರುವುದು ಕಬ್ಬಿಣದ ಮೇಲೆ. ನ್ಯಾಷ್ಕೆಲ್‌ನ ಗಣಿಯಲ್ಲಿ ಯಾರೋ ಅದಿರಿಗೆ ವಿಷದ ದ್ರವ ಬೆರೆಸುತ್ತಿದ್ದಾರೆ. ಅದರಿಂದ ಮಾಡಿದ ಕತ್ತಿ, ಕೊಡಲಿ ಲಟಕ್ಕನೆ ಮುರಿಯುತ್ತವೆ. ನಿಮ್ಮ ಕೈಯಲ್ಲಿದ್ದ ಸಾದಾ ಕತ್ತಿಯೂ ಕಾಳಗದ ನಡುವೆ ಹಾಗೇ ಮುರಿಯುತ್ತದೆ. ಆ ಕಡೆ ಕಬ್ಬಿಣ ಸಾಗಿಸುವ ಗಾಡಿಗಳನ್ನು ಡಕಾಯಿತರು ಲೂಟಿ ಮಾಡುತ್ತಾರೆ. ಎಲ್ಲದರ ಹಿಂದೆ ಇರುವುದು ಒಂದು ವರ್ತಕರ ಕೂಟ. ಕಾಡಿನೊಳಗೆ ಗುಟ್ಟಾಗಿ ತಮ್ಮದೇ ಗಣಿ ನಡೆಸುತ್ತಾ, ಕೊರತೆ ಹುಟ್ಟಿಸಿ, ಬೆಲೆ ಏರಿಸಿ ಮಾರುವ ಲೆಕ್ಕಾಚಾರ. ಆಡಿದಾಗ ನನಗಿದು ಬರೀ ಕಟ್ಟುಕಥೆ. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯ, ಆಮೇಲೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಪೇಪರಿನಲ್ಲಿ ಬರುತ್ತಿದ್ದ ಅದಿರಿನ ಸುದ್ದಿಯನ್ನೆಲ್ಲ ಗೊತ್ತಿರುವ ಕಥೆಯ ಮುಂದಿನ ಕಂತೆಂಬಂತೆ ಓದಿದೆ.

ಅಪ್ಪನಿಗೆ ಆಟದ ರಾಕ್ಷಸರ ಬಗ್ಗೆ ಕುತೂಹಲವೇ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಷ್ಟು ಸಣ್ಣ ಬಿಡಿಭಾಗಗಳನ್ನು ನೋಡಿ ನೋಡಿ ಕಳೆದವರು. ನನ್ನ ಹಾಡುಗಾರನ ಕತ್ತಿ ಮುರಿದ ಸದ್ದಿಗೆ ಪೇಪರಿನಿಂದ ತಲೆಯೆತ್ತಿ, “ಹದ ಕೆಟ್ಟಿದೆ ಕಣಪ್ಪ. ಒಂದು ಮುರೀತು ಅಂದ್ರೆ ಪೂರ್ತಿ ಲಾಟನ್ನೇ ವಾಪಸ್ ಕಳಿಸ್ಬೇಕು” ಎಂದರು. ಗಣಿಯ ಕಥೆ ಹೇಳಿದೆ. “ಹಂಗಾದ್ರೆ ಕತ್ತಿ ಮಾಡಿದೋನ ತಪ್ಪಿಲ್ಲ, ಕಚ್ಚಾ ಮಾಲೇ ಸರಿ ಇಲ್ಲ” ಎಂದು ತೀರ್ಪು ಕೊಟ್ಟು ಮತ್ತೆ ಪೇಪರಿಗೆ ಹೋದರು. ಆ ಆಟದ ಕಥೆಯನ್ನು ಅಷ್ಟು ಚಿಕ್ಕದಾಗಿ ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅವರ ಫ್ಯಾಕ್ಟರಿ ಈಗಿಲ್ಲ, ಜಾಗ ಇಸ್ರೋ ಪಾಲಾಯಿತು.

ಎರಡನೇ ಆಟ ಬಂದದ್ದು 2000ದ ಸೆಪ್ಟೆಂಬರಿನಲ್ಲಿ. ಕ್ಯಾತ್ಸಂದ್ರಕ್ಕೆ ಬರುವಾಗ ಇನ್ನೂ ತಡ. ಇದರಲ್ಲಿ ನಾಲ್ಕು ಸಿಡಿ. ಒಂದನೆಯದರಂತೆ ಊರಿಂದ ಊರಿಗೆ ಹೋಗುವಾಗೆಲ್ಲ ‘ಮೂರನೇ ಸಿಡಿ ಹಾಕಿ’ ಎಂದು ಗೋಗರೆಯುವ ಕಾಟ ಕಡಿಮೆ. ಒಂದನೆಯದರಲ್ಲಿ ಬೆಳೆಸಿದ ಪಾತ್ರವನ್ನೇ ಎರಡನೆಯದಕ್ಕೆ ತಂದುಕೊಳ್ಳಬಹುದು. ಕಣ್ಣು ಬಿಟ್ಟರೆ ಐರೆನಿಕಸ್ ಎಂಬ ಮಂತ್ರವಾದಿಯ ನೆಲಮಾಳಿಗೆಯಲ್ಲಿ ಪಂಜರ. ತಪ್ಪಿಸಿಕೊಂಡು ಹೊರಗೆ ಬಂದರೆ ಅತ್‌ಕತ್ಲ ಎಂಬ ದೊಡ್ಡ ಪೇಟೆ. ಕಣ್ಣೆದುರಿಗೇ ಇಮೊಯೆನ್‌ಳನ್ನು ಹಿಡಿದುಕೊಂಡು ಹೋಗುತ್ತಾರೆ. ಬಿಡಿಸುವ ದಾರಿ ತೋರಿಸಲು ಕಳ್ಳರ ಸಂಘದ ಏಜೆಂಟು ಕೇಳುವುದು 20,000 ಚಿನ್ನದ ನಾಣ್ಯ. ಆ ದುಡ್ಡು ಕೂಡಿಸಲು ಹೋದಲ್ಲೆಲ್ಲ ಜನ ನಿಮ್ಮ ಸೆರಗು ಹಿಡಿದು ಎಳೆಯುತ್ತಾರೆ. ಕೋಟೆ ಕಳೆದುಕೊಂಡ ಹುಡುಗಿ, ಚರಂಡಿಯೊಳಗಿನ ಪಂಥ, ಕೊಲೆಗಳು ನಡೆಯುತ್ತಿರುವ ಸೇತುವೆ ಬೀದಿ. ಒಂದೊಂದೂ ಒಂದು ಕಾದಂಬರಿಗಾಗುವಷ್ಟು.

ಒಂದನೆಯದರಲ್ಲಿ ಅನುಭವದ ಅಂಕ 89,000 ಮುಟ್ಟಿದರೆ ಬೆಳವಣಿಗೆ ಅಲ್ಲಿಗೆ ನಿಂತಿತು. ಎರಡನೆಯದರಲ್ಲಿ ಅದು 29,50,000ದವರೆಗೆ ಓಡುತ್ತದೆ. ತೋಳಕ್ಕೆ ಹೆದರುತ್ತಿದ್ದವನು ಡ್ರ್ಯಾಗನ್ ಜೊತೆ ಮಾತಿಗೆ ನಿಲ್ಲುತ್ತಾನೆ. ಆಡಿದವರನ್ನು ಕೇಳಿ ನೋಡಿ, ಎಲ್ಲರೂ ಎರಡನೆಯದೇ ದೊಡ್ಡದು ಅನ್ನುತ್ತಾರೆ. ಬರವಣಿಗೆ, ಜೊತೆಗಾರರ ಮಾತುಕತೆ, ಖಳನ ಕಂಠ, ಎಲ್ಲದರಲ್ಲೂ ಅದು ಮೇಲು ಎಂದು ನಾನೂ ಒಪ್ಪುತ್ತೇನೆ.

ಅದರಲ್ಲೂ ನನ್ನಂಥವನಿಗೆ ಆ ಆಟ ಇಟ್ಟಿದ್ದ ಉಡುಗೊರೆ ನೋಡಿ. ಯಾವ ಕಸುಬಿನವನಿಗೆ ಯಾವ ಠಾವು ಎಂದು ಅದರಲ್ಲಿ ಲೆಕ್ಕವಿದೆ. ಯೋಧನಿಗೆ ಕೋಟೆ, ಕಳ್ಳನಿಗೆ ಕಳ್ಳರ ಸಂಘದ ಅಡ್ಡೆ. ಹಾಡುಗಾರನಿಗೆ ಏನು ಸಿಗುತ್ತದೆ ಗೊತ್ತೆ? ನಾಟಕದ ಕಂಪನಿ! ‘ಫೈವ್ ಫ್ಲ್ಯಾಗನ್ಸ್’ ಎಂಬ ಛತ್ರದ ನೆಲಮಾಳಿಗೆಯಲ್ಲಿ ಒಂದು ರಂಗಮಂದಿರ. ಅಲ್ಲಿ ಆಡುತ್ತಿದ್ದ ತಂಡ ಬೇರೆ ಲೋಕಕ್ಕೇ ಹೊರಟುಹೋದ ಮೇಲೆ ಅದರ ಯಜಮಾನಿಕೆ ನಿಮ್ಮ ಕೊರಳಿಗೆ. ನಾಟಕ ಏಳಿಸಬೇಕು, ಅದಕ್ಕೆ ಚಿನ್ನ ಸುರಿಯಬೇಕು, ನಟರ ಮುನಿಸು ಸಮಾಧಾನ ಮಾಡಬೇಕು.

ಕೇಸಿನ ವಾಯಿದೆಗೆಂದು ಬಂದಿದ್ದ ಚಿಕ್ಕಪ್ಪ ಇದನ್ನು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. “ಪಾತ್ರಕ್ಕೆ ಅವರು ದುಡ್ ಕೊಡ್ತಾರೋ, ನೀನ್ ಕೊಡ್ತೀಯೋ?” ನಾನೇ ಕೊಡಬೇಕು ಅಂದೆ. “ಹಂಗಾದ್ರೆ ಇದು ಕಂಪ್ನಿ ನಾಟ್ಕ. ಲಾಸಾಯ್ತದೆ ನೋಡ್ತಿರು.”

ಅವರ ಮಾತಿಗೆ ಒಂದು ಚರಿತ್ರೆಯೇ ಬೆನ್ನಿಗಿತ್ತು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು ಅವರ ತಾಲ್ಲೂಕಿನಲ್ಲೇ. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದೇ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗದ ಮೇಲೆ ತಂದಿತ್ತು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಕಂಪನಿಯ ಊಟ ಉಂಡವರೇ. ವೀರಣ್ಣ ತೀರಿಕೊಂಡದ್ದು 1972ರಲ್ಲಿ. ಕಂಪನಿಯ ಕಾಲ ಮುಗಿದರೂ ‘ಕುರುಕ್ಷೇತ್ರ’ ಮುಗಿಯಲಿಲ್ಲ. ಆನೆ ಹೋಗಿ, ಬಾಡಿಗೆ ಸೀನರಿ ಬಂತು. ಸಂಬಳದ ನಟರು ಹೋಗಿ, ದುಡ್ಡು ಕೊಟ್ಟು ಪಾತ್ರ ಹಿಡಿಯುವ ರೈತರು, ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು ಬಂದರು. ದುರ್ಯೋಧನನ ಪಾತ್ರಕ್ಕೆ ಮಿಕ್ಕವರಿಗಿಂತ ಹೆಚ್ಚು ತೆರಬೇಕು. ಅಂಕ ಗಳಿಸಿ ಮೇಲೇರುವ ತಾಪತ್ರಯ ಇಲ್ಲಿಲ್ಲ. ಅಡಿಕೆ ರೇಟು ಚೆನ್ನಾಗಿದ್ದ ವರ್ಷ ಸಹದೇವ ನೇರವಾಗಿ ದುರ್ಯೋಧನನಾಗಬಹುದು.

ಇಷ್ಟೆಲ್ಲ ಕೊಟ್ಟ ಎರಡನೇ ಆಟದ ಮೇಲೆ ನನಗೊಂದು ತಕರಾರು ಉಳಿದೇ ಇದೆ. ಒಂದನೆಯದರಲ್ಲಿ ಮಿನ್ಸ್ಕ್ ಎಂಬ ಅರೆಹುಚ್ಚ ಯೋಧ ಬರುತ್ತಾನೆ. ಕೈಯಲ್ಲಿ ಸದಾ ಬೂ ಎಂಬ ಹ್ಯಾಮ್‌ಸ್ಟರ್. ತನ್ನ ಒಡತಿ ಡೈನಹೀರ್‌ಳನ್ನು ಸೆರೆಯಿಂದ ಬಿಡಿಸಿಕೊಡಿ ಅನ್ನುತ್ತಾನೆ. ಅದೇ ಊರಿನಲ್ಲಿ ಎಡ್ವಿನ್ ಎಂಬ ಸೊಕ್ಕಿನ ಮಂತ್ರವಾದಿ, ಅವಳನ್ನೇ ಕೊಲ್ಲಲು ಜೊತೆಗೆ ಬಾ ಅನ್ನುತ್ತಾನೆ. ನಾನು ಎಡ್ವಿನ್ ಕಡೆ ಹೋಗಿದ್ದೆ. ಎರಡನೆಯದರಲ್ಲಿ ಕಣ್ಣು ಬಿಟ್ಟರೆ ಪಕ್ಕದ ಪಂಜರದಲ್ಲಿ ಮಿನ್ಸ್ಕ್, “ಹಳೇ ಗೆಳೆಯಾ” ಎಂಬ ಧಾಟಿಯಲ್ಲಿ ಅಳುತ್ತಿದ್ದಾನೆ. ಡೈನಹೀರ್‌ಳನ್ನು ಐರೆನಿಕಸ್ ಕೊಂದನಂತೆ! ನಾನು ಮಾಡಿದ ಪಾಪವನ್ನೂ ಕಿತ್ತುಕೊಂಡು ಖಳನ ಖಾತೆಗೆ ಹಾಕಿದ್ದರು. ಒಂದನೇ ಆಟ ನನ್ನ ಇಷ್ಟಕ್ಕೆ ಬಿಟ್ಟದ್ದನ್ನು ಎರಡನೆಯದು ತನ್ನ ಕಥೆಗೆ ಬೇಕಾದಂತೆ ತಿದ್ದಿ ಬರೆದುಕೊಂಡಿತು. ಅಲ್ಲಿ ನಾನು ಯಾರೂ ಅಲ್ಲದ ಕಾರಣ ಏನು ಬೇಕಾದರೂ ಆಗಬಹುದಿತ್ತು. ಇಲ್ಲಿ ನಾನು ಯಾರೆಂದು ನನಗಿಂತ ಮೊದಲೇ ಎಲ್ಲರಿಗೂ ಗೊತ್ತು.

ಚಿಕ್ಕಪ್ಪನ ಬಳಿ ಇದನ್ನು ತೋಡಿಕೊಂಡಿದ್ದೆ. ಅವರು ಪಕ್ಷ ವಹಿಸಿದ್ದು ಒಂದನೇ ಕೃಷ್ಣನದು. “ಮೊದ್ಲು ಬರೋನಿಗೇ ಕಷ್ಟ ಕಣ್ಲಾ. ಜನ ಇನ್ನೂ ಚಾಪೆ ಹಾಸ್ಕೊತಿರ್ತಾರೆ, ಕಡ್ಲೆಕಾಯಿ ಸಿಪ್ಪೆ ಬಿಡಿಸ್ತಿರ್ತಾರೆ, ಮೈಕು ಕುಂಯ್ಯೋ ಅಂತಿರ್ತದೆ. ಅವ್ನು ಹಾಡಿ ಹಾಡಿ ಕೂರಿಸ್ತಾನೆ. ಎರಡನೆಯೋನು ಬರೋ ಹೊತ್ಗೆ ಎಲ್ಲಾ ಕಣ್ಣು ಬಿಟ್ಕೊಂಡ್ ಕೂತಿರ್ತಾರೆ. ಒನ್ಸ್ ಮೋರು, ನೋಟಿನ ಹಾರ, ಎಲ್ಲಾ ಅವ್ನಿಗೆ.”

ಮೂರನೆಯದೂ ಬಂತು. 2023ರ ಆಗಸ್ಟಿನಲ್ಲಿ, ಬೆಲ್ಜಿಯಂ ದೇಶದ ಲಾರಿಯನ್ ಎಂಬ ಬೇರೆಯೇ ಕಂಪನಿಯಿಂದ. ಬೆಂಗಳೂರಿನಲ್ಲಿ ಓದುವ ಮಗಳು ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಅದನ್ನೇ ಆಡುತ್ತಿದ್ದಳು. ಕಥೆ ನೂರು ವರ್ಷದ ಮೇಲೆ ಜಿಗಿದಿದೆ, ಆದರೂ ಮಿನ್ಸ್ಕ್ ಇದ್ದಾನೆ, ಬೂ ಇದೆ. ಹಳೆಯ ಎರಡೂ ಆಟಗಳಲ್ಲಿ ಜೊತೆಗಿದ್ದ ಜಹೀರಾ, ವಯಸ್ಸಾಗಿದ್ದರೂ, ಇದ್ದಾಳೆ. “ಈ ಅಜ್ಜಿ ಯಾರಪ್ಪಾ, ಎಲ್ಲರೂ ಇಷ್ಟು ಗೌರವ ಕೊಡ್ತಾರೆ?” ಎಂದು ಕೇಳಿದಳು. ಒಂದನೆಯದರಿಂದ ಶುರು ಮಾಡು, ಗೊತ್ತಾಗುತ್ತೆ ಎಂದೆ. 2012, 2013ರಲ್ಲಿ ಹಳೆಯ ಎರಡನ್ನೂ ಹೊಸದಾಗಿ ತಿದ್ದಿ, ಟ್ಯಾಬ್ಲೆಟ್ಟಿನಲ್ಲೂ ಆಡುವಂತೆ ಬಿಟ್ಟಿದ್ದಾರೆ. ಶುರು ಮಾಡಿದಳು. ತೋಳ ತಿಂದಿತು. ಮತ್ತೆ ತಿಂದಿತು. “ಇದೆಂಥಾ ಬೋರು” ಎಂದು ನೇರ ಎರಡನೆಯದಕ್ಕೆ ಹಾರಿದಳು.

ಎರಡನೆಯದರ ಶುರುವಿನಲ್ಲಿ, ಐರೆನಿಕಸ್‌ನ ನೆಲಮಾಳಿಗೆಯಲ್ಲಿ ಒಂದು ಕೋಣೆಯಿದೆ. ಅಲ್ಲಿ ಜಹೀರಾಳ ಗಂಡ ಖಾಲಿದ್‌ನ ಹೆಣ ಬಿದ್ದಿರುತ್ತದೆ. ಒಂದನೇ ಆಟದಲ್ಲಿ ತೊದಲುತ್ತಾ, ಹೆದರುತ್ತಾ, ಆದರೂ ಎಲ್ಲ ಕಾಳಗದಲ್ಲೂ ಮುಂದೆ ನಿಲ್ಲುತ್ತಿದ್ದ ಮನುಷ್ಯ. ನನ್ನ ಹಾಡುಗಾರನಿಗೆ ಬೀಳಬೇಕಿದ್ದ ಪೆಟ್ಟುಗಳಲ್ಲಿ ಅರ್ಧಕ್ಕರ್ಧ ಅವನ ಮೈಮೇಲೆ ಬಿದ್ದಿವೆ. ಜಹೀರಾ ಅಲ್ಲಿ ನಿಂತು ಆಡುವ ಮಾತುಗಳನ್ನು ಎರಡನೇ ಆಟದ ಒಳ್ಳೆಯ ಬರವಣಿಗೆಯ ಸಾಲಿಗೆ ಸೇರಿಸಬೇಕು. ಆದರೆ ಆ ದುಃಖದ ಅಸಲೆಲ್ಲ ಒಂದನೆಯದರದು.

ಮಗಳು ಆ ಕೋಣೆಗೆ ಬಂದಾಗ ನಾನು ಹಿಂದೆಯೇ ಕೂತಿದ್ದೆ. ಜಹೀರಾಳ ಮಾತನ್ನು ಟಪಟಪ ಒತ್ತಿ ದಾಟಿಸಿದಳು. ಒಂದು ನಿಮಿಷ ತಡಿ, ಅವನು ಖಾಲಿದ್ ಎಂದೆ. ಛತ್ರದಲ್ಲಿ ಅವರಿಬ್ಬರೂ ಸಿಕ್ಕಿದ್ದು, ಗಣಿಗೆ ಜೊತೆಗೆ ಬಂದದ್ದು ಎಲ್ಲ ಹೇಳತೊಡಗಿದೆ.

“ಸರಿ ಅಪ್ಪಾ,” ಎಂದಳು, “ಇಲ್ಲೆಲ್ಲಾದ್ರೂ ಕತ್ತಿ ಇಟ್ಟಿದಾರಾ ಹೇಳು. ಇರೋದು ಯಾವುದಕ್ಕೂ ಸಾಲ್ತಾ ಇಲ್ಲ.”