ಹದಿನೈದು ದಿನದ ಊರು

ವೈಟ್‌ಫೀಲ್ಡಿನಲ್ಲೊಂದು ಬಂದರಿದೆ. ನಂಬದವರು ಕಾಡುಗೋಡಿಯ ಕಡೆ ಬಂದು ನೋಡಿಕೊಂಡು ಹೋಗಬಹುದು. ನೀರಿಲ್ಲ, ಅಲೆಯಿಲ್ಲ, ಮೀನಿನ ವಾಸನೆಯಿಲ್ಲ. ಆದರೂ ಬಂದರೇ, ಒಣ ಬಂದರು. ಲಾರಿಯವರ ಬಾಯಲ್ಲಿ ಅದು ಬರೀ ಕಂಟೈನರ್ ಡಿಪೊ. ಕಬ್ಬಿಣದ ಪೆಟ್ಟಿಗೆಗಳು ಅಲ್ಲಿ ಒಂದರ ಮೇಲೊಂದು ಏರಿ ಕೂತಿರುತ್ತವೆ. ಕಸ್ಟಮ್ಸ್‌ನವರು ತಪಾಸಣೆ ಮುಗಿಸಿ ಸೀಲು ಹಾಕಿದರೆ ಗೂಡ್ಸ್ ರೈಲು ಅವನ್ನು ಚೆನ್ನೈನ ಕಡಲಿಗೆ ಎಳೆದೊಯ್ಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿರುವ ನಮ್ಮ ಊರಿಗೆ ಸಮುದ್ರದ ಜೊತೆ ನೆಂಟಸ್ತಿಕೆ ಇರುವುದು ಈ ಅಂಗಳದ ಮೂಲಕ. ಮತ್ತು ರೈಲು ನಿಲ್ದಾಣದ ಹಳದಿ ಫಲಕದ ಅಡಿಯಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಅದರ ಮೂಲಕ. ಅದನ್ನು ಓದದೆ ನಾನು ರೈಲು ಹತ್ತುವುದಿಲ್ಲ.

ಸಂಜೆ ಹೋಪ್‌ಫಾರಂ ಸಿಗ್ನಲ್ಲಿನಲ್ಲಿ ಗಾಡಿಗಳೆಲ್ಲ ಅಲ್ಲಾಡದೆ ನಿಂತಾಗ ಪಕ್ಕಕ್ಕೊಂದು ಟ್ರೇಲರ್ ಬಂದರೆ ನನಗೆ ಹಬ್ಬ. ಪೆಟ್ಟಿಗೆಯ ಮೇಲಿನ ಹೆಸರು ಓದುತ್ತೇನೆ. ಕಿತ್ತಳೆ ಬಣ್ಣದ್ದು ಹಪಾಗ್ ಲಾಯ್ಡ್. ಕಡುನೀಲಿಯದು ಸಿಎಂಎ ಸಿಜಿಎಂ. ಢಾಳು ಗುಲಾಬಿಯದು ಒನ್. ಸರಕು ಹೊರುವ ಈ ಕಂಪನಿಗಳ ಹಿಂದೆ ದೊಡ್ಡ ದೊಡ್ಡ ಮನೆತನಗಳಿವೆ. ಹಪಾಗ್ ಹುಟ್ಟಿದ್ದು 1847ರಲ್ಲಿ, ಹ್ಯಾಂಬರ್ಗಿನಲ್ಲಿ. ಲಾಯ್ಡ್ 1857ರಲ್ಲಿ, ಬ್ರೆಮೆನ್ನಿನಲ್ಲಿ. ಅಟ್ಲಾಂಟಿಕ್ಕಿನ ಮೇಲೆ ತಲೆಮಾರುಗಟ್ಟಲೆ ಜಿದ್ದಿಗೆ ಬಿದ್ದು ಹಡಗು ಓಡಿಸಿದ ಇವೆರಡೂ 1970ರಲ್ಲಿ ಒಂದಾದವು. ಸಿಜಿಎಂ ಎಂಬ ಮೂರಕ್ಷರದಲ್ಲಿ, 1935ರಲ್ಲಿ ‘ನಾರ್ಮಂಡಿ’ಯನ್ನು ಮೊದಲ ಯಾನಕ್ಕೆ ಕಳಿಸಿದ ಫ್ರೆಂಚ್ ಕಂಪನಿಯ ರಕ್ತ ಇದೆ. ಒನ್ ಅನ್ನು ಹೆತ್ತ ಜಪಾನಿನ ಮೂರು ಕಂಪನಿಗಳಲ್ಲೊಂದು ಎನ್‌ವೈಕೆ; 1930ರಲ್ಲಿ ‘ಹಿಕಾವಾ ಮಾರು’ ಎಂಬ ಚೆಲುವಾದ ಹಡಗನ್ನು ಮೊದಲ ಯಾನಕ್ಕೆ ಕಳಿಸಿದ್ದು ಅದೇ. ಈ ಮನೆತನದವರೆಲ್ಲ ಒಂದು ಕಾಲದಲ್ಲಿ ಮನುಷ್ಯರನ್ನು ಖಂಡದಿಂದ ಖಂಡಕ್ಕೆ ದಾಟಿಸುತ್ತಿದ್ದರು. ಹಸಿರು ದೀಪ ಬೀಳುವಷ್ಟರಲ್ಲಿ ನಾನು ಒಂದೆರಡು ಮಹಾಸಾಗರ ದಾಟಿರುತ್ತೇನೆ.

ಹಾಗೆ ಮನುಷ್ಯರನ್ನು ದಾಟಿಸುತ್ತಿದ್ದ ಲೈನರ್ ಹಡಗು ಇವತ್ತಿನ ವಿಹಾರದ ಹಡಗಿನ ಹಾಗಲ್ಲ. ವಿಹಾರದ್ದು ಸುತ್ತಾಡಿಸಿ ಹತ್ತಿದಲ್ಲಿಗೇ ತಂದು ಇಳಿಸುತ್ತದೆ. ಲೈನರ್‌ಗೆ ಒಂದು ದಾರಿ, ಒಂದು ದಿನಾಂಕ, ಹೊಟ್ಟೆಯಲ್ಲಿ ಅಂಚೆಯ ಚೀಲ. ಚಳಿಗಾಲದ ಅಟ್ಲಾಂಟಿಕ್ ಎದುರಾದರೂ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಅದಕ್ಕಾಗಿ ಚೂಪು ಮೂತಿ, ಆಳವಾದ ಒಡಲು, ದಪ್ಪ ಉಕ್ಕು. ಇಷ್ಟೆಲ್ಲ ಗಾಂಭೀರ್ಯದ ನೆತ್ತಿಯ ಮೇಲೆ ಚಿಮಣಿಗಳು. ತೇರಿನ ಎತ್ತರ ನೋಡಿ ಜಾತ್ರೆಯನ್ನು ಅಳೆಯುವ ನಮ್ಮ ಜನರಂತೆಯೇ ಆಗಿನ ಪ್ರಯಾಣಿಕರು ಚಿಮಣಿ ಎಣಿಸಿ ಹಡಗಿನ ಘನತೆ ನಿರ್ಧರಿಸುತ್ತಿದ್ದರು. ಕಂಪನಿಗಳು ಸುಮ್ಮನಿರುತ್ತವೆಯೇ? ‘ಟೈಟಾನಿಕ್’ನ ನಾಲ್ಕನೆಯ ಚಿಮಣಿಗೆ ಬಾಯ್ಲರಿನ ಹೊಗೆಯ ಸಂಬಂಧವೇ ಇರಲಿಲ್ಲ. ಬೊಂಬಾಯಿಯ ದಾರಿಯಲ್ಲಿ ಓಡಾಡುತ್ತಿದ್ದ ಪಿ ಅಂಡ್ ಓ ಕಂಪನಿಯ ‘ಸ್ಟ್ರಾತ್‌ನೇವರ್’ಗೆ ಇದ್ದ ಮೂರರಲ್ಲಿ ಎರಡು ಹುಸಿಚಿಮಣಿ. ‘ನಾರ್ಮಂಡಿ’ಯ ಮೂರನೆಯದರಲ್ಲಿ ಪ್ರಯಾಣಿಕರ ನಾಯಿಗಳಿಗೆ ಬಿಡಾರ. ಹೊಗೆಯುಗುಳದ ಈ ಚಿಮಣಿಗಳ ಮೇಲೆ ನನಗೆ ವಿಶೇಷ ಮಮತೆ. ಉಪಯೋಗ ಇಲ್ಲದಿದ್ದರೂ ಚೆಂದಕ್ಕೆ ಇರಲಿ ಎಂದು ಅಷ್ಟು ಉಕ್ಕನ್ನು ಆಕಾಶಕ್ಕೆ ಎತ್ತಿ ನಿಲ್ಲಿಸಿದ ಎಂಜಿನಿಯರುಗಳು ಒಳ್ಳೆಯ ಮನಸ್ಸಿನವರಾಗಿದ್ದಿರಬೇಕು.

ಆದರೆ ನನ್ನ ಕಡಲ್ಗೀಳಿಗೆ ಮೂಲ ಚಿಮಣಿಯಲ್ಲ, ದಿನಗಳು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬೊಂಬಾಯಿಯಿಂದ ವಿಲಾಯತಿಗೆ ಎರಡು ಮೂರು ವಾರದ ಹಾದಿ. ಬೆಂಗಳೂರಿನವರು ರೈಲಿನಲ್ಲಿ ಬೊಂಬಾಯಿಗೆ ಹೋಗಿ ಹಡಗು ಹತ್ತಬೇಕು. ಏಡನ್, ಕೆಂಪು ಸಮುದ್ರ, ಕಾಲುವೆ, ಪೋರ್ಟ್ ಸೈದ್, ಮಾರ್ಸೇಲ್ಸ್. ಅವಸರದವರು ಮಾರ್ಸೇಲ್ಸಿನಲ್ಲಿಳಿದು ರೈಲು ಹಿಡಿಯುತ್ತಿದ್ದರು. ಪುಣ್ಯವಂತರು ಕೊನೆಯವರೆಗೂ ಹಡಗಿನಲ್ಲೇ ಉಳಿಯುತ್ತಿದ್ದರು. ಮಧ್ಯಾಹ್ನವಾದರೆ ನಿನ್ನೆಯಿಂದ ಎಷ್ಟು ಮೈಲಿ ಸಾಗಿದೆವು ಎಂಬ ಚೀಟಿ ಗೋಡೆಗೆ ಬೀಳುತ್ತಿತ್ತು. ಪಡುವಣಕ್ಕೆ ಹೋಗುವಾಗ ಗಡಿಯಾರವನ್ನು ಆಗಾಗ ಹಿಂದಕ್ಕೆ ತಿರುಗಿಸಬೇಕು. ಅಂದರೆ ಒಂದು ದಿನಕ್ಕೆ 24 ಗಂಟೆಗಿಂತ ಒಂದಿಷ್ಟು ಹೆಚ್ಚು! ಅಷ್ಟು ಹೊತ್ತನ್ನು ಖರ್ಚು ಮಾಡಲು ಒಂದು ಒರಗು ಕುರ್ಚಿ, ಒಂದು ಕಟಕಟೆ, ಒಂದು ಸಮುದ್ರ. ನಮ್ಮವರಿಗೆ ಊಟದ್ದು ಮಾತ್ರ ಪರದಾಟ. 1888ರಲ್ಲಿ ‘ಕ್ಲೈಡ್’ ಹಡಗು ಹತ್ತಿದ ಹದಿನೆಂಟರ ಗಾಂಧಿ ಊಟದ ಮನೆಗೆ ಹೋಗಲು ನಾಚಿ, ಮನೆಯಿಂದ ತಂದಿದ್ದ ಸಿಹಿತಿಂಡಿ, ಹಣ್ಣುಗಳಲ್ಲೇ ಹೆಚ್ಚಿನ ದಿನ ಕಳೆದರು.

ಹೊರಟ ಊರೂ ಅಲ್ಲದ, ಸೇರುವ ಊರೂ ಅಲ್ಲದ ಮೂರನೆಯದೊಂದು ಊರು ಆ ಹಡಗು. ಹದಿನೈದು ದಿನ ಬಾಳಿ, ದಡ ಮುಟ್ಟಿದ ಬೆಳಗ್ಗೆ ಚದುರಿಹೋಗುವ ಊರು. ಅಲ್ಲಿ ಸಿಗುತ್ತಿದ್ದುದನ್ನು ನಾನು ಕಡಲ್ಬಿಡುವು ಎಂದು ಕರೆದುಕೊಳ್ಳುತ್ತೇನೆ. ಮಾಡುವುದಕ್ಕೆ ಏನೂ ಇಲ್ಲ, ಎದ್ದು ಹೋಗುವುದಕ್ಕೂ ದಾರಿಯಿಲ್ಲ. ಪಕ್ಕದ ಕುರ್ಚಿಯವರ ಜೊತೆ ಮಾತಾಡಲೇಬೇಕು, ಇಲ್ಲವೇ ನೀರನ್ನು ನೋಡಲೇಬೇಕು.

ಇವೆರಡರಿಂದಲೂ ಬೆಂಗಳೂರಿಗೆ ಆದ ಲಾಭ ದೊಡ್ಡದು. ಮೊದಲು ಮಾತಿನ ಕಥೆ. 1892ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಚಾಮರಾಜ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು ಮರುವರ್ಷ ಮೇ 31ರಂದು ಬೊಂಬಾಯಿಯಲ್ಲಿ ಹಡಗು ಹತ್ತಿದರು. ಜಪಾನಿನ ಯೊಕೊಹಾಮಾದಿಂದ ವ್ಯಾಂಕೂವರಿಗೆ ಅವರನ್ನು ಕರೆದೊಯ್ದದ್ದು ‘ಎಂಪ್ರೆಸ್ ಆಫ್ ಇಂಡಿಯಾ’. ಬಿಳಿ ಒಡಲಿನ, ವಿಹಾರನೌಕೆಯ ಹಾಗೆ ಮೂತಿ ಚಾಚಿದ ಹಡಗು. ಅದೇ ಹಡಗಿನಲ್ಲಿ ಜಮ್‌ಶೇಟ್‌ಜಿ ಟಾಟಾ ಇದ್ದರು. ಬೆಚ್ಚನೆ ಬಟ್ಟೆ ಇಲ್ಲದೆ ನಡುಗುತ್ತಿದ್ದ ಸನ್ಯಾಸಿ, ಉಕ್ಕಿನ ಕನಸು ಹೊತ್ತ ವ್ಯಾಪಾರಿ. ದಡದ ಮೇಲಾಗಿದ್ದರೆ ಇಬ್ಬರೂ ನಮಸ್ಕಾರ ಹೇಳಿ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಪೆಸಿಫಿಕ್ ಇಬ್ಬರನ್ನೂ ಹತ್ತು ಹನ್ನೊಂದು ದಿನ ಕೂಡಿಹಾಕಿತು. ಐದು ವರ್ಷದ ಮೇಲೆ, 1898ರ ನವೆಂಬರ್ 23ರಂದು, ಟಾಟಾ ವಿವೇಕಾನಂದರಿಗೆ ಕಾಗದ ಬರೆದರು. ಜಪಾನಿನಿಂದ ಜೊತೆಗೆ ಪ್ರಯಾಣ ಮಾಡಿದ್ದನ್ನು ನೆನಪಿಸಿ, ಆಗ ಕೇಳಿದ ವಿಚಾರಗಳು ಇನ್ನೂ ಮನಸ್ಸಿನಲ್ಲಿವೆ ಎಂದು ಹೇಳಿ, ತಾವು ಕಟ್ಟಬೇಕೆಂದಿರುವ ಸಂಶೋಧನಾ ಸಂಸ್ಥೆಯ ಸಂಗತಿ ಎತ್ತಿದರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1909ರಲ್ಲಿ ಸಂಸ್ಥೆ ಬಂತು. ಕಟ್ಟಬೇಕೆಂದವರು ನೋಡಲು ಉಳಿದಿರಲಿಲ್ಲ. ಹಳೆಯ ಬೆಂಗಳೂರಿಗರು ಈಗಲೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಪೀಣ್ಯದ ಕಡೆ ಹೋಗುವಾಗ ಆ ಮರಗಳ ಸಾಲು ಕಂಡರೆ ನನಗೆ ಬಿಳಿ ಹಡಗಿನ ಕಟಕಟೆ ನೆನಪಾಗುತ್ತದೆ.

ಆ ಹಡಗಿನ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಗ್ವಾಲಿಯರ್ ಮಹಾರಾಜರು ಅದನ್ನು ಕೊಂಡು ಭಾರತೀಯ ಸೈನಿಕರ ಆಸ್ಪತ್ರೆ ಹಡಗು ಮಾಡಿದರು. ಹೆಸರು ‘ಲಾಯಲ್ಟಿ’ ಎಂದಾಯಿತು. ಅನಂತರ ಅದು ಸಿಂಧಿಯಾ ಹಡಗು ಕಂಪನಿಯ ಕೈ ಸೇರಿ, 1919ರ ಏಪ್ರಿಲ್ 5ರಂದು ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ನಾವು ಇಂದಿಗೂ ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸುತ್ತೇವೆ.

ಇನ್ನು ನೀರಿನ ಕಥೆ. 1921ರಲ್ಲಿ ಸಿ. ವಿ. ರಾಮನ್ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿ ‘ನಾರ್ಕುಂಡಾ’ ಹಡಗಿನಲ್ಲಿ ಮರಳುತ್ತಿದ್ದರು. ಮೂರು ಚಿಮಣಿಯ, 16,000 ಟನ್ನಿನ ಪಿ ಅಂಡ್ ಓ ಹಡಗು, ಹಿಂದಿನ ವರ್ಷವಷ್ಟೇ ಓಡಾಟಕ್ಕೆ ಬಂದದ್ದು. ಮೆಡಿಟರೇನಿಯನ್ನಿನ ನೀಲಿ ರಾಮನ್ನರನ್ನು ಹಿಡಿದು ನಿಲ್ಲಿಸಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರೇಲಿ ಹೇಳಿದ್ದರು. ಅಂಥ ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎಂದು ಲೋಕ ನಂಬಿತ್ತು. ರಾಮನ್ನರ ಜೇಬಿನಲ್ಲಿ ನಿಕಾಲ್ ಪ್ರಿಸಂ ಎಂಬ ಪುಟ್ಟ ಹರಳಿತ್ತು. ಅದನ್ನು ಕಣ್ಣಿಗಿಟ್ಟು, ತಕ್ಕ ಕೋನದಲ್ಲಿ ನೀರು ನೋಡುತ್ತ ಮೆಲ್ಲಗೆ ತಿರುಗಿಸಿದರೆ ಒಂದು ಹಂತದಲ್ಲಿ ಮೇಲ್ಮೈಯ ಹೊಳಪು ಆರಿಹೋಗುತ್ತದೆ; ಆಕಾಶದ ಪಾಲು ಅಳಿಸಿದಂತಾಯಿತು. ಆಕಾಶವನ್ನು ಅಳಿಸಿದ ಮೇಲೂ ನೀಲಿ ಉಳಿಯಿತು. ಉಳಿಯುವುದೇನು, ಇನ್ನೂ ಗಾಢವಾಯಿತು. ಅಂದಮೇಲೆ ಬಣ್ಣ ನೀರಿನದೇ. ನೀರಿನ ಅಣುಗಳು ಬೆಳಕನ್ನು ಚೆದರಿಸುತ್ತಿವೆ. ಬೊಂಬಾಯಿ ಬಂದರಿನಲ್ಲಿ ಇನ್ನೂ ಹಡಗಿನ ಮೇಲಿದ್ದಾಗಲೇ, ಸೆಪ್ಟೆಂಬರ್ 26ರ ದಿನಾಂಕ ಹಾಕಿ, ‘ನೇಚರ್’ ಪತ್ರಿಕೆಗೆ ಸಮುದ್ರದ ಬಣ್ಣದ ಮೇಲೊಂದು ಪತ್ರ ಬರೆದರು. ಅಲ್ಲಿಂದ ಹಿಡಿದ ಜಾಡು 1928ರ ಫೆಬ್ರುವರಿ 28ಕ್ಕೆ ರಾಮನ್ ಪರಿಣಾಮಕ್ಕೂ, 1930ಕ್ಕೆ ನೊಬೆಲ್‌ಗೂ ಮುಟ್ಟಿತು. 1933ರಲ್ಲಿ ಅವರು ನಿರ್ದೇಶಕರಾಗಿ ಬಂದದ್ದು ಎಲ್ಲಿಗೆ? ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ. ಒಂದು ಹಡಗಿನ ಮೇಲೆ ಮೊಳೆತ ಸಂಸ್ಥೆಗೆ ಇನ್ನೊಂದು ಹಡಗಿನ ಮೇಲೆ ಕಣ್ಣರಳಿಸಿ ನಿಂತವರು ಬಂದು ಸೇರಿದರು.

ವಿಜ್ಞಾನಕ್ಕಷ್ಟೇ ಈ ಭಾಗ್ಯ ಎನ್ನಬೇಡಿ. ಬಯಲುಸೀಮೆಯ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದ ಕಡಲ ಹಾದಿ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಎಂಬ ಇಡೀ ಸಂಕಲನವನ್ನೇ ಕೊಟ್ಟಿತು.

ಮೇಲೆ ಹೀಗೆ ಬಿಡುವು ಹರಡಿಕೊಂಡಿದ್ದಾಗ ಕೆಳಗೆ ಬಿಡುವೇ ಇಲ್ಲದವರಿದ್ದರು. ಕಲ್ಲಿದ್ದಲಿನ ಕಾಲದಲ್ಲಿ ನಾಲ್ಕು ನಾಲ್ಕು ಗಂಟೆಯ ಪಾಳಿಯಲ್ಲಿ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದ ಆಗ್‌ವಾಲಾಗಳು, ಬಹುಪಾಲು ಪಂಜಾಬ್ ಮತ್ತು ವಾಯವ್ಯ ಗಡಿಯವರು. ಊಟ ಬಡಿಸುತ್ತಿದ್ದವರು ಗೋವೆಯವರು. ಕೆಂಪು ಸಮುದ್ರದಲ್ಲಿ ಮೇಲಿನವರೇ ಸೆಕೆಗೆ ಬಾಯಿ ಬಿಡುತ್ತಿದ್ದಾಗ ಬಾಯ್ಲರಿನ ಬಾಯಿಯ ಮುಂದೆ ಸಲಿಕೆ ಹಿಡಿದವರ ಪಾಡೇನು? ಲೈನರ್‌ಗಳನ್ನು ಪ್ರೀತಿಸುವವರು ಚಿಮಣಿ ನೋಡಿದಾಗಲೆಲ್ಲ ಅದರ ಬುಡದಲ್ಲಿದ್ದವರನ್ನೂ ನೆನೆಯಬೇಕು. ಸ್ನೇಹ ಹುಟ್ಟಿದ, ಕವಿತೆ ಹುಟ್ಟಿದ ಆ ಹದಿನೈದು ದಿನಗಳನ್ನು ಹೊತ್ತು ನಡೆಸಿದ್ದು ಅವರ ತೋಳು.

ಲೈನರ್‌ಗಳನ್ನು ಓಡಿಸಿದ ಎಂಜಿನ್ನಿನ ವಂಶದ ಒಂದು ಕುಡಿ ಪೀಣ್ಯದಲ್ಲಿದೆ. 1897ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತನ್ನ ‘ಟರ್ಬಿನಿಯಾ’ ಎಂಬ ಸಣ್ಣ ದೋಣಿಯನ್ನು ವಿಕ್ಟೋರಿಯಾ ರಾಣಿಯ ನೌಕಾಮೆರವಣಿಗೆಯ ನಡುವೆ ನುಗ್ಗಿಸಿ, ಉಗಿ ಟರ್ಬೈನಿನ ವೇಗವನ್ನು ಎಲ್ಲರೂ ಬೆರಗಾಗುವಂತೆ ತೋರಿಸಿದ. ಹತ್ತು ವರ್ಷದಲ್ಲಿ ‘ಮಾರಿಟೇನಿಯಾ’ ಅದೇ ಯಂತ್ರ ಹೊತ್ತು ಅಟ್ಲಾಂಟಿಕ್ಕಿಗೆ ಇಳಿಯಿತು. 1909ರಿಂದ 1929ರವರೆಗೆ ಅದರ ವೇಗವನ್ನು ಮೀರಿಸಿದವರಿಲ್ಲ. ಪೀಣ್ಯದ ತ್ರಿವೇಣಿ ಕಾರ್ಖಾನೆಯಲ್ಲಿ ಈಗಲೂ ಉಗಿ ಟರ್ಬೈನುಗಳು ತಯಾರಾಗುತ್ತವೆ. ಸಕ್ಕರೆ ಕಾರ್ಖಾನೆಗಳಲ್ಲಿ ವಿದ್ಯುತ್ ಮಾಡುತ್ತವೆ. ಟರ್ಬೈನಿನ ಒಂದು ಅಲಗನ್ನು ಕೈಯಲ್ಲಿ ಹಿಡಿದು ನೋಡಬೇಕು: ಒಂದು ಅಂಚು ದಪ್ಪ, ಇನ್ನೊಂದು ಸಣ್ಣ, ನಡುವೆ ನವಿರಾದ ಬಾಗು. ಬೆರಳಾಡಿಸಿದರೆ ಉಗಿ ಯಾವ ಕಡೆಯಿಂದ ಬಂದು ಯಾವ ಕಡೆ ಜಾರಬೇಕೆಂಬುದು ಬೆರಳಿಗೇ ತಿಳಿಯುತ್ತದೆ. ಕಡಲು ನೋಡದ ಊರಿನ ಟರ್ನರ್, ಫಿಟ್ಟರ್‌ಗಳಿಗೆ ಲೈನರಿನ ಹೃದಯ ಅಂಗೈಯಷ್ಟು ಪರಿಚಿತ.

ವೈಟ್‌ಫೀಲ್ಡಿಗೆ ಹಡಗಿನ ಇನ್ನೊಂದು ನೆನಪೂ ಇದೆ. ಚಾಮರಾಜ ಒಡೆಯರು ಕೊಟ್ಟ ನೆಲದಲ್ಲಿ 1882ರಲ್ಲಿ ಡಿ. ಎಸ್. ವೈಟ್ ಕಟ್ಟಿದ ಆಂಗ್ಲೋ ಇಂಡಿಯನ್ನರ ಊರದು. ಸ್ವಾತಂತ್ರ್ಯದ ನಂತರ ಆ ಸಮುದಾಯದ ಎಷ್ಟೋ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದವು. ಆಗ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದರು: ಕೋಣೆಗೆ ಬೇಕಾದ್ದಕ್ಕೆ ಒಂದು, ಹಡಗಿನ ಹೊಟ್ಟೆಗೆ ಹೋಗುವುದಕ್ಕೆ ‘ಪ್ರಯಾಣದಲ್ಲಿ ಬೇಕಿಲ್ಲ’ ಎಂಬ ಇನ್ನೊಂದು. ಮನೆಯನ್ನೆಲ್ಲ ಬಿಚ್ಚಿ ಯಾವುದು ಬೇಕು, ಯಾವುದು ಬೇಡ ಎಂದು ಆರಿಸಿದವರಿಗೆ ಆ ದಿನಗಳು ಬಿಡುವಿನದಾಗಿರಲಿಲ್ಲ. ಆದರೂ ಒಂದು ಊರಿನಿಂದ ಮನಸ್ಸು ಬಿಡಿಸಿಕೊಂಡು ಇನ್ನೊಂದಕ್ಕೆ ಒಗ್ಗಿಕೊಳ್ಳಲು ಅಷ್ಟು ಅವಕಾಶವಾದರೂ ಇತ್ತು.

1958ರಲ್ಲಿ ಬೋಯಿಂಗ್ 707 ಅಟ್ಲಾಂಟಿಕ್ ದಾಟತೊಡಗಿತು. ಆ ವರ್ಷವೇ ಹಡಗಿನವರಿಗಿಂತ ವಿಮಾನದವರ ಸಂಖ್ಯೆ ಹೆಚ್ಚಾಯಿತು. 1967ರಲ್ಲಿ ‘ಕ್ವೀನ್ ಮೇರಿ’ ನಿವೃತ್ತಿಯಾಗಿ ಕ್ಯಾಲಿಫೋರ್ನಿಯಾದ ದಡದಲ್ಲಿ ಹೋಟೆಲಾಯಿತು. ಇಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದೇ ದಿನದಲ್ಲಿ ಹೋಗಿಬಿಡುತ್ತಾನೆ. ದಾರಿಯಲ್ಲಿ ಏನು ನೋಡಿದೆ ಎಂದರೆ, “ಮೂರು ಸಿನಿಮಾ, ಮಾವ.” ತಪ್ಪು ಅವನದಲ್ಲ. ದಾರಿ ಎಂಬುದು ಆದಷ್ಟು ಬೇಗ ತೀರಿಸಬೇಕಾದ ಸಾಲವಾಗಿರುವ ಕಾಲ ಇದು.

ಅಟ್ಲಾಂಟಿಕ್ಕಿನ ಮೇಲೆ ‘ಕ್ವೀನ್ ಮೇರಿ 2’ 2004ರಿಂದ ಓಡುತ್ತಿದೆ. ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಏಳು ರಾತ್ರಿ. ಒಮ್ಮೆ ಹೋಗಬೇಕೆಂಬ ಆಸೆಯನ್ನು ಅವನ ಮುಂದೆ ಹೇಳಿದೆ.

“ಏಳು ದಿನ ಏನ್ ಮಾಡ್ತೀರ ಮಾವ ಅಲ್ಲಿ?”

ಒಂದು ದಿನದ ಕೆಲಸ ಆಗಲೇ ಗೊತ್ತಿದೆ ಎಂದೆ. ಅವನು ಗಾಡಿ ಓಡಿಸುವಾಗ ಹಾಕಿಕೊಳ್ಳುವ ಪೋಲರಾಯ್ಡ್ ಕನ್ನಡಕ ಇಸಿದುಕೊಂಡು ಹೋಗುತ್ತೇನೆ. ನಿಕಾಲ್ ಪ್ರಿಸಂ ಮಾಡಿದ ಕೆಲಸವನ್ನು ಅದೂ ಮಾಡುತ್ತದೆ. ಕಟಕಟೆಗೆ ಒರಗಿ, ಕತ್ತು ವಾಲಿಸಿ, ಆಕಾಶವನ್ನು ಅಳಿಸಿ ನೀರನ್ನು ನೋಡುವುದು. ಉಳಿದ ಆರು ದಿನಕ್ಕೆ ಏನನ್ನೂ ಗೊತ್ತುಮಾಡಿಕೊಂಡಿಲ್ಲ. ಗೊತ್ತುಮಾಡಿಕೊಳ್ಳದೆ ಇರುವುದಕ್ಕೆಂದೇ ಹೋಗುವುದು.