ಎಂಟು ಅಂಗುಲದ ಓಟದ ಗಾಡಿ

ಸ್ಮರಣ ಸಂಚಿಕೆಗಾಗಿ ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯವರ ಅಪ್ಪಣೆಯಾಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯರು ಸಾಧಾರಣವಾಗಿ ಶಾಲೆಯ ಅಂಗಳವನ್ನೂ ಉಪಾಧ್ಯಾಯಿನಿಯರ ವಾತ್ಸಲ್ಯವನ್ನೂ ಕುರಿತು ಬರೆಯುತ್ತಾರೆ. ಅದನ್ನು ನನಗಿಂತ ಚೆನ್ನಾಗಿ ಬರೆಯತಕ್ಕವರು ಅನೇಕರಿರುವದರಿಂದ, ಎಪ್ಪತ್ತೊಂದು ವರುಷದ ಮುದುಕಿಯಾದ ನಾನು ಕಳೆದ ಎರಡು ಚಳಿಗಾಲಗಳಲ್ಲಿ ಮಾಡಿದ ಒಂದು ಕೆಲಸವನ್ನು ಇಲ್ಲಿ ತಿಳಿಸುತ್ತೇನೆ. ಅದು ಮೋಟಾರು ಪಂದ್ಯದ ಗಾಡಿಯೊಂದರ ಪ್ರತಿಕೃತಿಯನ್ನು ಕಟ್ಟಿದ ಕೆಲಸ. ಓದುವವರು ನಗಬಾರದು, ಅದು ಆಟಕ್ಕಾಗಿ ಕಟ್ಟಿದ್ದಲ್ಲ.

ನಾನು ಈಗ ಮಗಳ ಸಂಗಡ ಅಮೇರಿಕಾ ದೇಶದ ಕ್ಯಾಲಿಫೋರ್ನಿಯದಲ್ಲಿ, ಪೊಮೋನಾ ಎಂಬ ಊರಿಗೆ ಸಮೀಪವಾಗಿ ವಾಸವಾಗಿದ್ದೇನೆ. ಇಲ್ಲಿ ಡ್ರ್ಯಾಗ್ ರೇಸ್ ಎಂಬ ಪಂದ್ಯವುಂಟು. ನೆಟ್ಟಗಿನ ದಾರಿಯಲ್ಲಿ ಎರಡು ಗಾಡಿಗಳು ಪಕ್ಕಪಕ್ಕದಲ್ಲಿ ನಿಂತಲ್ಲಿಂದ ಹೊರಟು ಎರಡು ಫರ್ಲಾಂಗು ಓಡುತ್ತವೆ. ಮೊದಲು ಮುಟ್ಟಿದ್ದು ಗೆದ್ದಿತು. ತಿರುವೂ ಇಲ್ಲ, ಮರಳುವದೂ ಇಲ್ಲ. ಇದನ್ನು ಬೀದಿಯಿಂದ ಎಬ್ಬಿಸಿ ಕಟ್ಟುಕಟ್ಟಳೆಗಳಿಗೆ ಒಳಪಡಿಸುವದಕ್ಕಾಗಿ ವಾಲಿ ಪಾರ್ಕ್ಸ್ ಎಂಬವರು ೧೯೫೧ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ೧೯೯೨ರಿಂದ ಮಕ್ಕಳಿಗೂ ಒಂದು ವಿಭಾಗ ಹುಟ್ಟಿತು. ಅವರ ಗಾಡಿಗಳು ದೊಡ್ಡವರ ಗಾಡಿಯ ಅರ್ಧದಷ್ಟು. ಓಟ ಒಂದೇ ಫರ್ಲಾಂಗು. ವಯಸ್ಸಿಗೆ ತಕ್ಕ ಹಾಗೆ ವೇಗಕ್ಕೆ ಮಿತಿ.

ಹದಿಮೂರು ತುಂಬಿದ ನನ್ನ ಮೊಮ್ಮಗಳು ಆ ಮಕ್ಕಳ ಗಾಡಿಯನ್ನು ಓಡಿಸುತ್ತೇನೆಂದು ಹಟ ಹಿಡಿದಳು. ತಾಯಿ ಒಂದೇ ಮಾತಿನಲ್ಲಿ ಕೂಡದೆಂದಳು. ತಂದೆ, ಎಲ್ಲ ತಂದೆಯರಂತೆ, ತಾಯಿಯನ್ನು ಕೇಳೆಂದನು. ಮನೆಯಲ್ಲಿ ಊಟದ ಹೊತ್ತಿನ ಮಾತು ನಿಂತುಹೋಯಿತು. ಏನೆಂದು ತಿಳಿಯದ ವಸ್ತುವಿಗೆ ಹೌದೆನ್ನುವದೂ ಅಲ್ಲವೆನ್ನುವದೂ ನ್ಯಾಯವಲ್ಲವೆಂದು ನನಗೆ ತೋಚಿತು. "ಮೊದಲು ಆ ಯಂತ್ರವನ್ನು ನಾವಿಬ್ಬರೂ ಕೈಯಿಂದ ಕಟ್ಟಿ ನೋಡೋಣ, ಮಗಳೇ, ಆಮೇಲೆ ಅಮ್ಮನ ಹತ್ತಿರ ಮಾತಾಡು," ಎಂದು ಹೇಳಿ, ಇಪ್ಪತ್ತೈದನೆಯ ಒಂದು ಪಾಲಿನ ಅಳತೆಯ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ತರಿಸಿದೆನು.

ಪೆಟ್ಟಿಗೆಯಲ್ಲಿದ್ದದ್ದು ೧೯೬೦ರ ದಶಕದ ಗಾಡಿ. ಅದಕ್ಕೆ ಸ್ಲಿಂಗ್‌ಶಾಟ್, ಅಂದರೆ ಕವಣೆಯೆಂದು ಹೆಸರು. ಯಾಕಂದರೆ ಎಂಜಿನು ಮುಂದೆ ಇದ್ದು, ಚಾಲಕನು ಹಿಂದಿನ ಅಚ್ಚಿಗಿಂತಲೂ ಹಿಂದೆ, ಕವಣೆಯ ಕಲ್ಲಿನ ಹಾಗೆ ಕೂತಿರುತ್ತಾನೆ. ಎರಡು ಅಚ್ಚುಗಳ ನಡುವಣ ೨೦೦ ಅಂಗುಲ ನಮ್ಮ ಮೇಜಿನ ಮೇಲೆ ೮ ಅಂಗುಲವಾಯಿತು. ಎರಡು ಫರ್ಲಾಂಗಿನ ದಾರಿಯನ್ನು ಅದೇ ಲೆಕ್ಕದಲ್ಲಿ ಇಳಿಸಿದರೆ ೫೩ ಅಡಿಗೂ ತುಸು ಕಡಿಮೆ. ನಮ್ಮ ಬಾಗಿಲಿನಿಂದ ಅಂಚೆಪೆಟ್ಟಿಗೆಯ ವರೆಗೆ.

ಪೆಟ್ಟಿಗೆಯ ಭಾಗಗಳನ್ನು ಅಂಟಿಸುವದು ಎರಡು ವಾರದ ಕೆಲಸ. ಆದರೆ ಪೆಟ್ಟಿಗೆಯೊಳಗೆ ಇಲ್ಲದ್ದನ್ನು ಸೇರಿಸುವದರಲ್ಲಿಯೇ ಈ ವಿದ್ಯೆಯ ಸಾರವಿರುವದು. ಎಂಜಿನು ಕ್ರೈಸ್ಲರ್ ಕಂಪನಿಯದು, ೩೯೨ ಘನ ಅಂಗುಲ, ಎಂಟು ಸಿಲಿಂಡರು. ೧೯೫೭ರಲ್ಲಿ ಸಂಸಾರಸ್ಥರ ದೊಡ್ಡ ಕಾರುಗಳಿಗಾಗಿ ಹೊರಟದ್ದು. ಅದರ ನೆತ್ತಿಯ ಮೇಲೆ ಗಾಳಿಯನ್ನು ಒತ್ತಿ ತುಂಬುವ ಯಂತ್ರವೋ, ಜನರಲ್ ಮೋಟಾರ್ಸಿನ ಡೀಸೆಲ್ ಎಂಜಿನಿನಿಂದ ಕಳಚಿ ತಂದದ್ದು. ೬-೭೧ ಎಂಬ ಅದರ ಹೆಸರು ಆ ಡೀಸೆಲಿನ ೬ ಸಿಲಿಂಡರುಗಳನ್ನೂ ಒಂದೊಂದರ ೭೧ ಘನ ಅಂಗುಲವನ್ನೂ ಹೇಳುತ್ತದೆ. ಎರವಲು ಒಡವೆಯಿಟ್ಟ ಮದುಮಗಳೆಂದರೆ ಇದೇ. ಓಟವು ಕೆಲವು ಕ್ಷಣಗಳದ್ದಾದಕಾರಣ ನೀರು ತಣಿಸುವ ರೇಡಿಯೇಟರು ಬೇಡ. ಕಿಡಿಯನ್ನು ಮ್ಯಾಗ್ನೆಟೊ ಕೊಡುವದರಿಂದ ಬ್ಯಾಟರಿಯೂ ಬೇಡ. ಹಿಂದಿನಿಂದ ಇನ್ನೊಂದು ಕಾರು ನೂಕಿದರೆ ಎಂಜಿನು ಎಚ್ಚರವಾಗುತ್ತಿತ್ತು. ಇನ್ನು ಇಂಧನ. ಒಂದು ತೂಕ ಪೆಟ್ರೋಲು ಉರಿಯಲು ಸುಮಾರು ೧೫ ತೂಕ ಗಾಳಿ ಬೇಕು; ಇವರು ಸುಡುವ ನೈಟ್ರೊಮೀಥೇನಿಗೆ ಎರಡು ತೂಕವೂ ಬೇಡ, ತನ್ನ ಆಮ್ಲಜನಕವನ್ನು ಅದು ತಾನೇ ಹೊತ್ತು ತರುತ್ತದೆ. ಆದಕಾರಣ ಅಷ್ಟೇ ಗಾಳಿಯಲ್ಲಿ ಅನೇಕ ಪಾಲು ಹೆಚ್ಚು ಇಂಧನ ಸುಡಬಹುದು. ಇದನ್ನು ಕೇಳಿ ನನ್ನ ಮಗಳ ಮುಖ ಇನ್ನಷ್ಟು ಬಿಗಿಯಿತು.

ಕಿಡಿಯ ತಂತಿಗಳು ಎಂಟು. ಈ ಎಂಜಿನಿನ ಸ್ಪಾರ್ಕ್ ಪ್ಲಗ್ಗುಗಳು ಮೇಲ್ಮುಚ್ಚಳದ ನಟ್ಟನಡುವೆ ಇರುವದರಿಂದ ತಂತಿಗಳೆಲ್ಲ ಕಣ್ಣಿಗೆ ಕಾಣತಕ್ಕವು. ಬೆರಳಿನಲ್ಲಿ ತಿರುಗಿಸುವ ಪುಟ್ಟ ಬೈರಿಗೆಯಿಂದ ಅರ್ಧ ಮಿಲಿಮೀಟರಿನ ತೂತುಗಳನ್ನು ಕೊರೆದು, ಚಿಮಟದಿಂದ ತಂತಿಯನ್ನು ಏರಿಸಿದೆವು. ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಉಪಾಧ್ಯಾಯಿನಿಯವರು ನನ್ನ ಕಾಜದ ಹೊಲಿಗೆಯನ್ನು ಮೂರು ಸಾರಿ ಬಿಚ್ಚಿಸಿದ್ದ ಫಲ ಈಗ ದೊರಕಿತು, ಕೈ ನಡುಗಲಿಲ್ಲ. ತಂತಿಗಳು ಹೇಗಾದರೂ ಇರಲಿ, ನೋಡುವವರಾರು ಎಂದು ನಾನು ಹೇಳಿದರೆ ಹುಡುಗಿ ಒಪ್ಪಲಿಲ್ಲ. ಕಿಡಿ ಹಾರುವ ಕ್ರಮ ೧-೮-೪-೩-೬-೫-೭-೨. ಅದೇ ಕ್ರಮದಲ್ಲಿ ಒಂದೊಂದನ್ನೂ ಅದರದರ ಸಿಲಿಂಡರಿಗೆ ಎಳೆದಳು.

ಚಾಲಕನ ಬಿಗಿಪಟ್ಟಿಗಳಿಗೆ ನನ್ನ ಹಳೆಯ ರೇಷ್ಮೆ ಸೀರೆಯ ಅಂಚನ್ನು ಕತ್ತರಿಸಿದೆನು. ಅಷ್ಟು ನಯವಾದ ನೇಯ್ಗೆಯೂ ಆ ಅಳತೆಯಲ್ಲಿ ತೆಂಗಿನ ನಾರಿನ ಚಾಪೆಯಂತೆ ಕಂಡಿತು! ಗಾಡಿಯನ್ನು ಕುಗ್ಗಿಸಬಹುದು, ಎಳೆಯನ್ನು ಕುಗ್ಗಿಸಲಾಗದು. ಕೊನೆಗೆ ತೆಳ್ಳಗಿನ ತವರದ ಹಾಳೆಗೆ ಬಣ್ಣ ಬಳಿದು ಪಟ್ಟಿ ಮಾಡಿದೆವು.

ಪೀಠವನ್ನು ಕೂರಿಸುವ ದಿನ ಮೊಮ್ಮಗಳು ಗಾಡಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ತರುವಾಯ, "ಅಜ್ಜಿ, ಇವನು ಕಾಲನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ?" ಎಂದು ಕೇಳಿದಳು. ನಾನೂ ಕನ್ನಡಕ ಸರಿಮಾಡಿಕೊಂಡು ನೋಡಿದೆನು. ಪೀಠದ ಮುಂದೆ ಅಚ್ಚು, ಅದರ ಮುಂದೆ ಹಲ್ಲುಚಕ್ರಗಳ ಪೆಟ್ಟಿಗೆ, ಅದರ ಮುಂದೆ ಕ್ಲಚ್ಚು. ಕಾಲುಗಳಿಗೆ ಅವುಗಳ ಎರಡು ಪಕ್ಕಗಳಲ್ಲದೆ ಬೇರೆ ಸ್ಥಳವಿಲ್ಲ. ಕೆಲಸ ಮಾಡುವಾಗ ಸಿಡಿಯಬಹುದಾದ ವಸ್ತುವೆಲ್ಲವೂ ಅವನ ಮೊಣಕಾಲುಗಳ ನಡುವೆ, ಎಂಜಿನಿನ ಬೆಂಕಿಯೆಲ್ಲವೂ ಅವನ ಮುಖದ ಎದುರಿಗೆ. ಚಿತ್ರದಲ್ಲಿ ಎಷ್ಟು ನೋಡಿದರೂ ಇದು ನಮಗೆ ಹೊಳೆದಿರಲಿಲ್ಲ.

ಅದು ನಿಜವಾಗಿಯೇ ಸಿಡಿಯಿತು. ೧೯೭೦ನೆಯ ಮಾರ್ಚಿ ೮ರಂದು ಲಾಂಗ್ ಬೀಚಿನ ಸಮೀಪದ ಲಯನ್ಸ್ ಎಂಬ ಓಟದ ದಾರಿಯಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಚಾಲಕನ ಗಾಡಿ ಹೊರಡುವಾಗಲೇ ಹಲ್ಲುಪೆಟ್ಟಿಗೆ ಸ್ಫೋಟಿಸಿತು. ಗಾಡಿ ಎರಡು ತುಂಡಾಯಿತು. ಬಲಪಾದದ ಒಂದು ಭಾಗ ಹೋಯಿತು. ಆತನು ಆಸ್ಪತ್ರೆಯ ಹಾಸಿಗೆಯಲ್ಲಿಯೇ ಮುಂದಿನ ಗಾಡಿಯನ್ನು ಯೋಚಿಸಿದನು: ಎಂಜಿನು ಹಿಂದೆ, ಮನುಷ್ಯನು ಮುಂದೆ. ಹಾಗೆ ಮಾಡಲು ಹಿಂದೆಯೂ ಕೆಲವರು ಯತ್ನಿಸಿದ್ದುಂಟು. ಆದರೆ ಆ ಗಾಡಿಗಳು ನೆಟ್ಟಗೆ ಹೋಗುತ್ತಿರಲಿಲ್ಲ. ಸ್ಟಿಯರಿಂಗಿನ ಚುರುಕನ್ನು ತಗ್ಗಿಸಿದ ಮೇಲೆ ಆ ದೋಷ ನೀಗಿತು. ೧೯೭೧ರಲ್ಲಿ ನಮ್ಮ ಈ ಪೊಮೋನಾದಲ್ಲಿಯೇ ಆತನು ಆ ಹೊಸ ಗಾಡಿಯಿಂದ ಗೆದ್ದನು. ಕೆಲವೇ ವರುಷಗಳಲ್ಲಿ ಕವಣೆಗಳು ಕಾಣದಾದವು. ಮಕ್ಕಳ ಚಿಕ್ಕ ಗಾಡಿಗಳಲ್ಲಿಯೂ ಎಂಜಿನು ಬೆನ್ನ ಹಿಂದೆಯೇ.

ಎರಡನೆಯ ಚಳಿಗಾಲದಲ್ಲಿ ಹಿಂದೆ ಎಂಜಿನಿರುವ ಗಾಡಿಯನ್ನು ಕಟ್ಟಿದೆವು. ಚಾಲಕನ ಸುತ್ತಣ ಪಂಜರವನ್ನು ಪ್ಲಾಸ್ಟಿಕಿನಲ್ಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ನಿಜದಲ್ಲಿ ಒಂದೂವರೆ ಅಂಗುಲ ದಪ್ಪದ ಉಕ್ಕಿನ ಕೊಳವೆಗೆ ನಮ್ಮಲ್ಲಿ ಒಂದೂವರೆ ಮಿಲಿಮೀಟರಿನ ಹಿತ್ತಾಳೆ ತಂತಿ. ಬಗ್ಗಿಸಿ ಬೆಸುಗೆ ಹಾಕಿದೆವು. ಮೊಮ್ಮಗಳು ಇದಕ್ಕೆ ಗುಲಾಬಿ ಬಣ್ಣವೇ ಆಗಬೇಕೆಂದಳು, ಶರ್ಲಿ ಮಲ್ಡೌನಿಯವರ ಗಾಡಿಗಳ ಬಣ್ಣವೆಂದು. ಈ ಸಂಘದಲ್ಲಿ ಅತಿ ವೇಗದ ವರ್ಗದ ಗಾಡಿಗೆ ಅನುಮತಿ ಪಡೆದ ಮೊದಲನೆಯ ಸ್ತ್ರೀ ಆಕೆ, ಅದು ೧೯೭೩ರಲ್ಲಿ. ಆ ವರ್ಗದ ವರುಷದ ಪ್ರಶಸ್ತಿಯನ್ನು ೧೯೭೭, ೧೯೮೦, ೧೯೮೨ರಲ್ಲಿ ಮೂರಾವರ್ತಿ ಗೆದ್ದರು.

ಒಂದು ಸಾಯಂಕಾಲ ಹುಡುಗಿ ಎರಡು ಗಾಡಿಗಳನ್ನೂ ತಾಯಿಯ ಮುಂದಿಟ್ಟಳು. ನಾನು ಬಾಯಿ ಹಾಕಲಿಲ್ಲ. ಮೊದಲನೆಯದರಲ್ಲಿ ಕಾಲುಗಳ ಸ್ಥಳವನ್ನು ತೋರಿಸಿದಳು. ಎರಡನೆಯದರಲ್ಲಿ ಪಂಜರವನ್ನೂ ಪಟ್ಟಿಗಳನ್ನೂ ತೋರಿಸಿದಳು. ಮಲ್ಡೌನಿಯವರ ಮೂರು ಪ್ರಶಸ್ತಿಗಳನ್ನು ಹೇಳಿ ಅಲ್ಲಿಗೇ ನಿಲ್ಲಿಸುವಳೆಂದು ನಾನು ತಿಳಿದಿದ್ದೆನು. ನಿಲ್ಲಿಸಲಿಲ್ಲ. "ಅಮ್ಮಾ, ಹಿಂದೆ ಎಂಜಿನಿದ್ದ ಗಾಡಿಯಲ್ಲಿಯೇ ೧೯೮೪ರಲ್ಲಿ ಮಾಂಟ್ರಿಯಾಲಿನ ಹತ್ತಿರ ಅವರ ಎರಡು ಕಾಲುಗಳೂ ಮುರಿದವು. ೧೯೮೬ರಲ್ಲಿ ಮತ್ತೆ ಓಡಿಸಿದರು," ಎಂದಳು. ತಾಯಿ ಗುಲಾಬಿ ಗಾಡಿಯನ್ನು ಎತ್ತಿಕೊಂಡು, ಹಿತ್ತಾಳೆಯ ಸರಳುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದರಲ್ಲಿ ಬೆಸುಗೆ ಹಾಕಿದವರು ಯಾರು?" ಎಂದು ಕೇಳಿದಳು. ತಾನೇ ಎಂದು ಹುಡುಗಿ ಹೇಳಿದಳು. ಆ ರಾತ್ರಿ ಬೇರೆ ಮಾತಾಗಲಿಲ್ಲ.

ಹನ್ನೊಂದು ದಿನಗಳ ಮೇಲೆ ಕಾಗದಕ್ಕೆ ತಾಯಿಯ ರುಜು ಬಿದ್ದಿತು. ಮೊಮ್ಮಗಳು ಈ ವರೆಗೆ ನಾಲ್ಕು ದಿವಸ ಓಟಕ್ಕೆ ಹೋಗಿದ್ದಾಳೆ. ನಾನು ಬೇಲಿಯ ಹತ್ತಿರ ಛತ್ರಿ ಹಿಡಿದು ನಿಂತು ನೋಡಿದೆನು. ನನ್ನ ಮಗಳು ನಾಲ್ಕು ದಿವಸವೂ ನಮ್ಮನ್ನು ಅಲ್ಲಿಗೆ ಕರೆತಂದಳು. ಕಾರಿನಿಂದ ಮಾತ್ರ ಒಮ್ಮೆಯೂ ಇಳಿಯಲಿಲ್ಲ.