ಖಾಲಿ ಬಿಟ್ಟ ಜಾಗ

ದಸ್ತಾವೇಜು ಕೈಗೆ ಬಂದೊಡನೆ ವಕೀಲನ ಕಣ್ಣು ಅದರಲ್ಲಿ ಖಾಲಿ ಬಿಟ್ಟ ಜಾಗವನ್ನು ಹುಡುಕುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 93ನೆಯ ಕಲಮು ಈ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು: ಪತ್ರದಲ್ಲಿ ಖಾಲಿ ಜಾಗವಿದ್ದರೆ, ಅಲ್ಲಿ ಏನು ಬರೆಯುವ ಉದ್ದೇಶವಿತ್ತೆಂದು ತೋರಿಸಲು ಹೊರಗಿನ ಸಾಕ್ಷ್ಯ ತರುವಂತಿಲ್ಲ. 2024ರ ಜುಲೈ 1ರಿಂದ ಹೊಸ ಅಧಿನಿಯಮ ಜಾರಿಯಾದರೂ ತತ್ತ್ವ ಹಾಗೆಯೇ ಉಳಿದಿದೆ.

ಗಣಕಯಂತ್ರದ ಶೆಲ್‌ಗೆ ಇಂಥ ಸಂಕೋಚವಿಲ್ಲ. ಲಿನಕ್ಸ್ ಯಂತ್ರಕ್ಕೆ ಸಾಲುಸಾಲಾಗಿ ಆಜ್ಞೆ ಕೊಡುವ ಬಾಗಿಲೇ ಶೆಲ್. ಆ ಆಜ್ಞೆಗಳನ್ನು ಕಡತದಲ್ಲಿ ಬರೆದಿಟ್ಟರೆ ಅದು ಸ್ಕ್ರಿಪ್ಟ್. ನಮ್ಮ ಮಕ್ಕಳು ಬೀಜಗಣಿತದಲ್ಲಿ ಕಲಿಯುವ ಚರಾಕ್ಷರ ಅಲ್ಲಿಯೂ ಉಂಟು. ಬೆಲೆ ಕೊಡದ ಚರಾಕ್ಷರವನ್ನು ಬಳಸಿದರೆ ಶೆಲ್ ತಕರಾರು ಮಾಡದೆ, ಆ ಜಾಗದಲ್ಲಿ ಏನೂ ಇಲ್ಲವೆಂದು ಓದಿಕೊಂಡು ಮುಂದೆ ನಡೆಯುತ್ತದೆ.

2022ರ ಏಪ್ರಿಲ್ 4ರಂದು ನಮ್ಮ ಚಿಲಮತ್ತೂರು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಷ್ಟೆ. ಆ ಬಳಿಕ ನನ್ನ ಕಚೇರಿಯ ಸ್ಕ್ಯಾನ್ ಪ್ರತಿಗಳನ್ನು ಜಿಲ್ಲೆ, ವರ್ಷಗಳ ಪ್ರಕಾರ ಹೊಸದಾಗಿ ಜೋಡಿಸಲು ನೆರೆಮನೆಯ ವಿದ್ಯಾರ್ಥಿಯೊಬ್ಬ ಸ್ಕ್ರಿಪ್ಟ್ ಬರೆದುಕೊಟ್ಟ. ಓಡಿಸಿದರೆ ಪ್ರತಿಗಳೆಲ್ಲ ಜಿಲ್ಲೆಯ ಹೆಸರೇ ಇಲ್ಲದ ಕಡೆ ಹೋಗಿ ಕುಳಿತವು. ಬರಿ ನಕಲು ಮಾಡುವ ಕೆಲಸವಾದ್ದರಿಂದ ಯಾವುದೂ ಅಳಿಯಲಿಲ್ಲ. ಹುಡುಗ 'ಬ್ಯಾಶ್ ಹೈಫನ್ ಎಕ್ಸ್' ಎಂದು ಕೊಟ್ಟು ಮತ್ತೆ ಓಡಿಸಿದ. ಹೀಗೆ ಕೊಟ್ಟರೆ, ಪ್ರತಿಯೊಂದು ಆಜ್ಞೆಯೂ ಬೆಲೆಗಳನ್ನು ತುಂಬಿಕೊಂಡ ರೂಪದಲ್ಲಿ ತೆರೆಯ ಮೇಲೆ ಕಾಣುತ್ತದೆ. ದಾರಿಯ ನಡುವೆ ಎರಡು ಓರೆಗೆರೆಗಳು ಒತ್ತೊತ್ತಾಗಿ ನಿಂತಿದ್ದವು, ನಡುವೆ ಶೂನ್ಯ. ಇಂಗ್ಲಿಷ್ ಅಕ್ಷರಗಳಲ್ಲಿ 'ಜಿಲ್ಲೆ' ಎಂದು ಬರೆಯುವಾಗ ಒಂದು ಕಡೆ ಎರಡು 'ಎಲ್', ಇನ್ನೊಂದು ಕಡೆ ಒಂದೇ. ಒತ್ತಕ್ಷರದ ಭಾಷೆಯನ್ನು ಪರಲಿಪಿಗೆ ಇಳಿಸಿದವರಿಗೆಲ್ಲ ಈ ಪಾಡು ಗೊತ್ತು.

ಸ್ಕ್ರಿಪ್ಟಿನ ತಲೆಯಲ್ಲಿ 'ಸೆಟ್ ಹೈಫನ್ ಯು' ಎಂದು ಬರೆದಿದ್ದರೆ, ಬೆಲೆಯಿಲ್ಲದ ಹೆಸರು ಎದುರಾದೊಡನೆ ಶೆಲ್ ಆ ಹೆಸರನ್ನೇ ತಿಳಿಸಿ ನಿಂತುಬಿಡುತ್ತಿತ್ತು. ಆದರೆ ಇಷ್ಟೇ ಸಾಲದು. ಅರ್ಜಿಯ ಅಂಕಣವನ್ನು ಮುಟ್ಟದಿರುವುದು ಬೇರೆ, ಅಲ್ಲಿ ಗೀಟೆಳೆದು ಹೋಗುವುದು ಬೇರೆ. ಬೆಲೆಯನ್ನೇ ಕೊಡದ ಹೆಸರನ್ನು ಈ ಕಾವಲು ಹಿಡಿಯುತ್ತದೆ. ಖಾಲಿ ಬೆಲೆಯನ್ನು ಕೊಟ್ಟಿದ್ದರೆ ಬಿಟ್ಟುಕೊಡುತ್ತದೆ.

ವಾಲ್ವ್ ಸಂಸ್ಥೆಯ 'ಸ್ಟೀಮ್' ಆಟಗಳ ತಂತ್ರಾಂಶದಲ್ಲಿ 2015ರ ಜನವರಿಯಲ್ಲಿ ಬೆಳಕಿಗೆ ಬಂದದ್ದು ಈ ಎರಡನೆಯ ಬಗೆ. ಅದರ ಲಿನಕ್ಸ್ ಸ್ಕ್ರಿಪ್ಟ್ ತನ್ನ ಕಡತಕೋಶದ ವಿಳಾಸವನ್ನು ಹುಡುಕಿ ಒಂದು ಚರಾಕ್ಷರದಲ್ಲಿ ಇಡುತ್ತಿತ್ತು. ಹುಡುಕಾಟ ವಿಫಲವಾದರೆ ಅಲ್ಲಿ ಉಳಿಯುವುದು ಖಾಲಿ ಬೆಲೆ. 'ಈ ಕೋಶದೊಳಗಿನದೆಲ್ಲ ಅಳಿಸು' ಎಂಬ ಆಜ್ಞೆ ಆಗ 'ಯಂತ್ರದ ಬುಡದಿಂದ ಎಲ್ಲವನ್ನೂ ಅಳಿಸು' ಎಂದಾಯಿತು. ಬಳಕೆದಾರನ ಸ್ವಂತ ಕಡತಗಳು ಹೋದವು, ಪಕ್ಕದಲ್ಲಿ ಜೋಡಿಸಿದ್ದ ಡಿಸ್ಕಿನವೂ ಉಳಿಯಲಿಲ್ಲ. ಆ ಸಾಲಿನ ಬಳಿ ಸ್ಕ್ರಿಪ್ಟ್ ಬರೆದವರೇ 'ಭಯಾನಕ' ಎಂಬರ್ಥದ ಟಿಪ್ಪಣಿ ಇಟ್ಟಿದ್ದರು. ಭಯವನ್ನು ಬರೆದಿಟ್ಟವರು ಬೀಗವನ್ನೂ ಹಾಕಬಹುದಿತ್ತು.

ಬೀಗವೆಂದರೆ ಚರಾಕ್ಷರದ ಪಕ್ಕದಲ್ಲೇ, ಪುಷ್ಪಾವರಣದೊಳಗೆ, ವಿವರಣ ಚಿಹ್ನೆ ಮತ್ತು ಪ್ರಶ್ನಾರ್ಥಕ ಚಿಹ್ನೆ ಬರೆಯುವುದು. ಬೆಲೆ ಇಲ್ಲದಿರಲಿ, ಖಾಲಿಯಿರಲಿ, ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲುತ್ತದೆ. ಆ ಚಿಹ್ನೆಗಳ ಮುಂದೆ ನಮಗೆ ಬೇಕಾದ ಮಾತನ್ನೂ ಬರೆದಿಡಬಹುದು, ಅದು ಇಂಗ್ಲಿಷೇ ಆಗಬೇಕೆಂದಿಲ್ಲ. ಹುಡುಗ ಈಗ ಅಲ್ಲಿ 'ಜಿಲ್ಲೆ ಬರೆದಿಲ್ಲ' ಎಂದು ಅಚ್ಚ ಕನ್ನಡದಲ್ಲಿ ಹಾಕಿದ್ದಾನೆ.